ಒಂದೇ ಪುಸ್ತಕ, ಹತ್ತು ಪ್ರತಿ

ಉಂಚಳ್ಳಿ ಜಲಪಾತ ನೋಡೋಕೆ ಹೋದವರಿಗೆ ಹೆಗ್ಗರಣೆ ಗೊತ್ತಿರುತ್ತದೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಹಳ್ಳ, ಗುಡ್ಡದ ಏರು. ಇಂಥ ಊರಲ್ಲಿ ಹತ್ತು ಜನ ಒಂದೇ ಕಾದಂಬರಿ ಓದಿ, ಒಂದು ಸಂಜೆ ಕೂತು ಮಾತಾಡಬೇಕು ಅಂದುಕೊಳ್ಳಿ. ಲೈಬ್ರರಿಯಲ್ಲಿರೋದು ಒಂದೇ ಪ್ರತಿ. ತಲಾ ಹದಿನೈದು ದಿನ ಅಂದ್ರೂ ಹತ್ತನೆಯವರು ಓದಿ ಮುಗಿಸೋಕೆ ಐದು ತಿಂಗಳು. ಅಷ್ಟರಲ್ಲಿ ಮೊದಲನೆಯವರಿಗೆ ಕತೆಯೇ ಮರೆತಿರುತ್ತದೆ!

ನಮ್ಮ ಹಿರಿಯರಿಗೆ ಈ ತೊಂದರೆ ಇರಲಿಲ್ಲ. ತಾಳಮದ್ದಳೆ ನೆನಪು ಮಾಡಿಕೊಳ್ಳಿ. ಪ್ರಸಂಗದ ಪುಸ್ತಕ ಭಾಗವತರ ಮುಂದೆ ಒಂದೇ. ಅವರು ಪದ್ಯ ಹಾಡಿದರೆ ಅರ್ಥಧಾರಿಗಳು ಅದನ್ನು ಮಾತಿನಲ್ಲಿ ಬೆಳೆಸುತ್ತಾರೆ. ಕೃಷ್ಣ ಹೇಳಿದ್ದನ್ನು ಕೌರವ ಅಲ್ಲೇ ಖಂಡಿಸುತ್ತಾನೆ. ಯಾರ ವಾದ ಗೆದ್ದಿತು ಅನ್ನೋ ಚರ್ಚೆ ಮರುದಿನ ಅಡಿಕೆ ಸುಲಿಯುವಲ್ಲೂ ಮುಂದುವರಿಯುತ್ತದೆ. ಕಿವಿಯಲ್ಲಿ ಓದುವವರಿಗೆ ಒಂದು ಪ್ರತಿ ಸಾಕು. ಕಾದಂಬರಿ ಹಾಗಲ್ಲ, ಒಬ್ಬೊಬ್ಬರೇ ಮೌನವಾಗಿ ಓದುವಂಥದ್ದು. ಪ್ರತಿ ಕೈಗೂ ಒಂದು ಬೇಕು.

ದೂರದ ಹಳ್ಳಿಗೆ ಪುಸ್ತಕ ತಲುಪಿಸುವ ಉಪಾಯ ಹಳೆಯದೇ. 1817ರಲ್ಲಿ ಸ್ಕಾಟ್ಲೆಂಡಿನ ಸ್ಯಾಮ್ಯುಯೆಲ್ ಬ್ರೌನ್ 50 ಪುಸ್ತಕಗಳ ಒಂದೊಂದು ಕಂತೆ ಮಾಡಿ ಹಳ್ಳಿಗಳಿಗೆ ಕೊಟ್ಟ. ಎರಡು ವರ್ಷ ಆದ ಮೇಲೆ ಈ ಊರಿನ ಕಂತೆ ಆ ಊರಿಗೆ. ನಮ್ಮಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಗ್ರಂಥಪಾಲಕ ಬೋರ್ಡನ್ ಅವರನ್ನು ಕರೆಸಿದರು. ಅಲ್ಲಿಂದ ಮುಂದೆ ಮರದ ಪೆಟ್ಟಿಗೆಯಲ್ಲಿ ಪುಸ್ತಕಗಳು ಹಳ್ಳಿಹಳ್ಳಿಗೆ ಹೊರಟವು.

ಆದರೆ ಪೆಟ್ಟಿಗೆಯಲ್ಲಿದ್ದದ್ದು ಬೇರೆ ಬೇರೆ ಪುಸ್ತಕ. ಒಂದೇ ಪುಸ್ತಕ ಹಲವು ಮನೆಗೆ ಒಟ್ಟಿಗೆ ಬರುವಂತೆ ಮಾಡಿದ್ದರಲ್ಲಿ ನಮ್ಮ ಧಾರವಾಡದ ಪಾಲು ದೊಡ್ಡದು. 1933ರಲ್ಲಿ ಜಿ. ಬಿ. ಜೋಶಿ ಮತ್ತು ಗೆಳೆಯರು ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆಯಿತು. ಚಂದಾ ಕಟ್ಟಿದವರಿಗೆಲ್ಲ ಅವೇ ಪುಸ್ತಕ, ಅದೇ ವರ್ಷ. ಊರು ಬೇರೆಯಾದರೂ ಮಾತಿಗೆ ವಿಷಯ ಒಂದೇ. ಕೊರತೆ ಒಂದೇ: ಚಂದಾ ಕಟ್ಟಲು ಕೈಯಲ್ಲಿ ಕಾಸು ಬೇಕಿತ್ತು.

ಈ ಎರಡನ್ನೂ ಕೂಡಿಸಿದರೆ ಸಿಗುವುದೇ ಇವತ್ತು ಹೊರದೇಶಗಳ ಸಾರ್ವಜನಿಕ ಗ್ರಂಥಾಲಯಗಳು ಕೊಡುವ 'ಬುಕ್ ಕ್ಲಬ್ ಕಿಟ್'. ಒಂದು ಚೀಲ, ಒಂದೇ ಪುಸ್ತಕದ ಎಂಟು-ಹತ್ತು ಪ್ರತಿ, ಮಾತು ಶುರುಮಾಡಲು ಒಂದಿಷ್ಟು ಪ್ರಶ್ನೆ. ಕೆಲವು ವಾರ ಇಟ್ಟುಕೊಂಡು ವಾಪಸ್ ಕೊಟ್ಟರಾಯ್ತು.

ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡವೇನೂ ಬೇಡ. ಗ್ರಂಥಾಲಯ ಕಾಯ್ದೆ 1965ರಿಂದಲೇ ಇದೆ. ಪಂಚಾಯಿತಿ ಗ್ರಂಥಾಲಯಗಳಿವೆ; 2020ರಲ್ಲಿ ಅಲ್ಲಿಗೆ ಮಕ್ಕಳನ್ನು ಕರೆತರಲು 'ಓದುವ ಬೆಳಕು' ಬಂತು. ಈಗ ಲೆಕ್ಕ ಹಾಕಿ ನೋಡಿ. ಹತ್ತು ಪಂಚಾಯಿತಿಗಳು ಒಂದೊಂದು ಪುಸ್ತಕದ ಹತ್ತು ಪ್ರತಿ ಕೊಂಡು, ತಿಂಗಳಿಗೊಮ್ಮೆ ಚೀಲ ಬದಲಿಸಿಕೊಂಡರೆ? ಪ್ರತಿ ಊರೂ ಕೊಳ್ಳುವುದು ಒಂದೇ ಪುಸ್ತಕ, ಹತ್ತು ತಿಂಗಳಲ್ಲಿ ಓದುವುದು ಹತ್ತು. ಬ್ರೌನ್ ಮಾಡಿದ್ದೂ ಇದನ್ನೇ ಅಲ್ವಾ?

ಪುಸ್ತಕ ಸಿಗದೆ ಓದು ನಿಂತದ್ದುಂಟು. ಓದಿದ್ದನ್ನು ಹೇಳಿಕೊಳ್ಳೋಕೆ ಜನ ಸಿಗದೆ ನಿಂತದ್ದು ಇನ್ನೂ ಹೆಚ್ಚು. ಮಳೆಗಾಲದ ಸಂಜೆ, ಜಗಲಿ, ಕವಳದ ಬಟ್ಟಲು, ವಾದ ಮಾಡೋ ನಾಲಿಗೆ ಎಲ್ಲವೂ ನಮ್ಮಲ್ಲಿ ಇದ್ದೇ ಇವೆ. ಇಲ್ಲದ್ದು ಆ ಚೀಲ ಒಂದೇ.

ನಿಮ್ಮೂರಿನ ಮೊದಲ ಚೀಲದಲ್ಲಿ ಯಾವ ಪುಸ್ತಕ ಇರಬೇಕು? ಕಾಮೆಂಟಲ್ಲಿ ಬರೀರಿ. ಹಾಗೇ ಅದನ್ನು ಓದಿ ನಿಮ್ಮ ಜೊತೆ ಜಗಳ ಆಡಬಲ್ಲ ಒಬ್ಬರನ್ನು ಟ್ಯಾಗ್ ಮಾಡಿ.