ಎರಡು ವರ್ಷದ ಹೂವು, ಒಂದು ಚಿಟಿಕೆ ಬೀಜ

ರಜತ ಮಹೋತ್ಸವದ ಸಂಚಿಕೆಯಲ್ಲಿ ಸಾಲ, ಷೇರು, ಗೊಬ್ಬರದ ಲೆಕ್ಕ ಹೇಗೂ ಇದ್ದೇ ಇರುತ್ತದೆ. ನಾವಿಲ್ಲಿ ಹೂವಿನ ಬೀಜದ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಸೀಮೆ ಹೂಗಳಲ್ಲಿ ದ್ವೈವಾರ್ಷಿಕ ಅಂತ ಒಂದು ಪಂಗಡವುಂಟು. ಹಾಲಿಹಾಕ್, ಸ್ವೀಟ್ ವಿಲಿಯಂ, ಫಾಕ್ಸ್‌ಗ್ಲೋವ್ ಇವೆಲ್ಲ ಆ ಗುಂಪಿನವು. ಮೊದಲ ವರ್ಷ ಬರೀ ಎಲೆ. ಚಳಿ ಕಳೆದು ಎರಡನೇ ವರ್ಷ ಹೂ, ಬೀಜ, ಅಲ್ಲಿಗೆ ಗಿಡದ ಆಯಸ್ಸು ಮುಗೀತು. 1874ರಲ್ಲಿ ಇಂಗ್ಲೆಂಡಿನ ಕ್ಯೂ ತೋಟದಿಂದ ಜಾನ್ ಕ್ಯಾಮರಾನ್ ಲಾಲ್‌ಬಾಗಿಗೆ ಬಂದ ಮೇಲೆ ಹೊರದೇಶದ ಗಿಡಗಳು ಬಹಳ ಬಂದವು. ನಾವು ತಿನ್ನುವ ಸೀಮೆಬದನೆಯೂ ಅವರ ಕಾಲದ್ದೇ. ಆದರೆ ದ್ವೈವಾರ್ಷಿಕಗಳಿಗೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅದಕ್ಕೇ ಇಲ್ಲಿ ಬೇಗ ಹೂ ಬಿಡುವ ತಳಿ ಆರಿಸಿ, ಮಳೆ ಕಳೆಯುತ್ತಲೇ ಬಿತ್ತಿ, ಒಂದೇ ವರ್ಷದ ಗಿಡದಂತೆ ಬೆಳೆಸುತ್ತಾರೆ. ಎಲೆಕೋಸೂ ಇದೇ ಸ್ವಭಾವದ್ದು. ನಮ್ಮ ಹೊಲದಲ್ಲಿ ಕೋಸು ಗಡ್ಡೆ ಕಟ್ಟುತ್ತದೆ, ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಅದಕ್ಕೆ ಕುಲು ಕಣಿವೆಯಂಥ ಚಳಿ ಸೀಮೆಯೇ ಆಗಬೇಕು.

ಹಾಗಾದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೆ ಒಪ್ಪುವ ಎರಡು ವರ್ಷದ ಹೂ ಯಾವುದು? ನಮ್ಮ ಮಟ್ಟಿಗೆ ಕನಕಾಂಬರ. ಶಾಸ್ತ್ರದ ಪ್ರಕಾರ ಅದು ಬಹುವಾರ್ಷಿಕ, ನಿಜ. ಆದರೆ ಎರಡು ಮೂರು ವರ್ಷ ಹೂ ಬಿಡಿಸಿ ಕಿತ್ತುಹಾಕುವುದೇ ರೂಢಿ. ದಕ್ಷಿಣ ಭಾರತ, ಶ್ರೀಲಂಕಾಗಳೇ ಅದರ ತವರು. ನಾಟಿ ಕನಕಾಂಬರ ಬೀಜದಿಂದ ಏಳುವ ಗಿಡ. ಒಣಗಿದ ತೆನೆಗೆ ನೀರು ತಾಕಿದರೆ ಸಾಕು, ಕಾಯಿ ಚಟ್ ಅಂತ ಸಿಡಿದು ಬೀಜ ದೂರ ಹಾರುತ್ತದೆ. ಮಕ್ಕಳಿಗೆ ಅದೊಂದು ಆಟ. ಬೀಜ ಬೇಕಾದವರು ಇಬ್ಬನಿ, ಮಳೆಗೆ ಸಿಕ್ಕುವ ಮುಂಚೆ ತೆನೆ ಕೊಯ್ದು ಬಟ್ಟೆ ಮುಚ್ಚಿ ಒಣಗಿಸಬೇಕು. ಮಡಿಯಲ್ಲಿ ಬಿತ್ತಿ, ಸುಮಾರು ಎರಡು ತಿಂಗಳ ಸಸಿಯನ್ನು ಕಿತ್ತು ನೆಡುವುದು.

ಆಮೇಲೆ ಬಂದದ್ದು ಡೆಲ್ಲಿ ಕನಕಾಂಬರ. ಬಣ್ಣ ಕಡು, ಕೊಳ್ಳುವವರ ಕಣ್ಣಿಗೆ ಚೆನ್ನ. ಆದರೆ ಅದು ತ್ರಿಗುಣಿತ ತಳಿ, ಬೀಜವೇ ಕಟ್ಟೋದಿಲ್ಲ. ಕಡ್ಡಿ ನೆಟ್ಟೇ ಸಸಿ ಮಾಡಬೇಕು. ಹಾಗೆ ಎದ್ದ ಗಿಡಗಳೆಲ್ಲ ಒಂದೇ ಅಚ್ಚು. ಸೊರಗು ರೋಗವೋ ಬೇರಿನ ಜಂತುಹುಳುವೋ ಹೊಕ್ಕರೆ ಸಾಲಿಗೆ ಸಾಲೇ ಹೋಗಬಹುದು. ಮತ್ತೆ ಕಾಸು ಕೊಟ್ಟು ಸಸಿ ತರಬೇಕು. ನಾಟಿ ಗಿಡಕ್ಕೂ ರೋಗ ಬರುತ್ತದೆ, ಆದರೆ ಬೀಜ ನಮ್ಮ ಕೈಯಲ್ಲೇ ಇರುತ್ತದೆ. 1967ರಲ್ಲಿ ಆರಂಭವಾದ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಅಂಬರ, ಅರ್ಕಾ ಕನಕ ಮುಂತಾದ ತಳಿ ಕೊಟ್ಟಿದ್ದಾರೆ. ಅವನ್ನೂ ಬೆಳೆಯಲಿ, ಬೇಡ ಅನ್ನೋದಿಲ್ಲ.

ನಾಟಿ ಗಿಡ ಇನ್ನೂ ಹಿತ್ತಲಲ್ಲಿ ಉಳಿಸಿಕೊಂಡಿರುವ ತಾಯಂದಿರು ನಾಲ್ಕು ತೆನೆ ಒಣಗಿಸಿ ಸಂಘದ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಬೀಜದ ಡಬ್ಬಿ ಇಡಲು ಬೀರುವಿನಲ್ಲಿ ಜಾಗವಿದೆ.