ಮಲಂಕರ ಸಭೆಯ ವಟ್ಟಿಪ್ಪಣ

ಧರ್ಮಕಾರ್ಯಕ್ಕೆಂದು ಮೂಲಧನವನ್ನು ಒಂದೆಡೆ ನೆಲೆಗೊಳಿಸಿ, ಅದನ್ನು ಮುಟ್ಟದೆ, ವರ್ಷವರ್ಷವೂ ಬರುವ ಬಡ್ಡಿಯಿಂದಲೇ ಸೇವೆಯನ್ನು ನಡೆಯಿಸುವ ಪದ್ಧತಿಯು ಕರ್ಣಾಟಕದ ಶಾಸನಗಳ ಪರಿಚಯವುಳ್ಳವರಿಗೆ ಹೊಸದಲ್ಲ. ದೇವಾಲಯದ ನಂದಾದೀವಿಗೆಗಾಗಿ ಗದ್ಯಾಣಗಳನ್ನು ಬಿಟ್ಟು, ಅವುಗಳ ಬಡ್ಡಿಯಿಂದ ಎಣ್ಣೆಯನ್ನು ಒದಗಿಸಬೇಕೆಂದು ವಿಧಿಸಿದ ದತ್ತಿಗಳು ಅನೇಕವಾಗಿವೆ. ಅಕ್ಷಯನೀವಿಯೆಂಬ ಹೆಸರು ಇಂತಹ ನಿಧಿಗೇ ಸಂದುದು. ಇದೇ ಬಗೆಯ ನಿಧಿಯೊಂದು ತಿರುವಾಂಕೂರಿನ ಸುರಿಯಾನಿ ಕ್ರೈಸ್ತರ ಚರಿತ್ರೆಯಲ್ಲಿ 1808ರಿಂದ 1928ರ ವರೆಗೆ ವಹಿಸಿದ ಪಾತ್ರವು ವಿಚಾರಯೋಗ್ಯವಾಗಿದೆ.

ಈ ನಿಧಿಗೆ ಮಲಯಾಳದಲ್ಲಿ ವಟ್ಟಿಪ್ಪಣವೆಂದು ಹೆಸರು. ವಟ್ಟಿಯೆಂದರೆ ಬಡ್ಡಿ, ಪಣವೆಂದರೆ ಹಣ. ವಕಾರವು ಬಕಾರವಾಗುವುದೂ ಪಕಾರವು ಹಕಾರವಾಗುವುದೂ ಕನ್ನಡಕ್ಕೆ ಸಹಜವಾದುದರಿಂದ, ಉಭಯ ಭಾಷೆಗಳ ಈ ಶಬ್ದಗಳ ಸಂಬಂಧವು ಸುಲಭವಾಗಿ ತಿಳಿಯುತ್ತದೆ.

1808ರಲ್ಲಿ ಸಭೆಯ ಮೇಲಧ್ಯಕ್ಷರಾಗಿದ್ದ ಏಳನೆಯ ಮಾರ್ ತೋಮರು, ರೆಸಿಡೆಂಟ್ ಕರ್ನಲ್ ಮೆಕಾಲೆಯ ಮುಖಾಂತರ, 3,000 ಪೂವರಾಹಗಳನ್ನು ಈಸ್ಟ್ ಇಂಡಿಯಾ ಕಂಪೆನಿಯಲ್ಲಿ ಇರಿಸಿದರು. ಬಡ್ಡಿಯ ದರವು ನೂರಕ್ಕೆ 8. ಅದು ಶಾಶ್ವತವಾಗಿ ಸಲ್ಲತಕ್ಕುದು. ವರಾಹಕ್ಕೆ ಮೂರೂವರೆ ರೂಪಾಯಿಯಂತೆ ಮೂಲಧನವು 10,500 ರೂಪಾಯಿಗಳೂ ವಾರ್ಷಿಕ ಬಡ್ಡಿಯು 840 ರೂಪಾಯಿಗಳೂ ಆಗುತ್ತಿದ್ದವು.

ಅದುವರೆಗೆ ಪಾದ್ರಿಗಳಾಗತಕ್ಕವರು ಮಲ್ಪಾನರೆಂಬ ಗುರುಗಳ ಬಳಿಯಲ್ಲಿದ್ದು ಸುರಿಯಾನಿ ಭಾಷೆಯನ್ನೂ ಪೂಜಾಕ್ರಮವನ್ನೂ ಕಲಿಯುತ್ತಿದ್ದರು. ಸಮಸ್ತ ಸಭೆಗೂ ಸೇರಿದ ವಿದ್ಯಾಶಾಲೆಯಿರಲಿಲ್ಲ. ಪುಲಿಕ್ಕೋಟ್ಟಿಲ್ ಇಟ್ಟೂಪ್ ರಂಬಾನರು ರೆಸಿಡೆಂಟ್ ಮನ್ರೋವಿನ ಸಹಾಯದಿಂದ, ಕೂಡಿಬಿದ್ದಿದ್ದ ಬಡ್ಡಿಯನ್ನು ಪಡೆದು, ಕೋಟ್ಟಯದಲ್ಲಿ ಸೆಮಿನರಿಯನ್ನು ಕಟ್ಟಿಸಿದರು. 1815ರಲ್ಲಿ ಅದು ಪ್ರಾರಂಭವಾಯಿತು. ಅನಂತರ ತಿರುವಾಂಕೂರಿನ ಅರಮನೆಯಿಂದ 20,000 ರೂಪಾಯಿಗಳ ದಾನವೂ ಕಲ್ಲಡ ಪ್ರಾಂತದ ದ್ವೀಪಭೂಮಿಯೂ ದೊರೆತುವು. ಚರ್ಚ್ ಮಿಷನರಿ ಸೊಸೈಟಿಯ ಪಾದ್ರಿಗಳು 1816ರಿಂದ ಬಂದು ಬೋಧನೆಗೆ ನೆರವಾದರು.

ಈ ಸಹಕಾರವು ಇಪ್ಪತ್ತು ವರ್ಷಗಳೊಳಗೆ ಕೊನೆಗಂಡಿತು. 1836ರ ಮಾವೇಲಿಕ್ಕರ ಸಿನೊಡಿನಲ್ಲಿ ಸುರಿಯಾನಿಗಳು ಮಿಷನರಿಗಳ ಸುಧಾರಣೆಗಳನ್ನು ನಿರಾಕರಿಸಿದರು. ಆಸ್ತಿಯು ಯಾರದೆಂಬ ಪ್ರಶ್ನೆಯು ಆಗಲೇ ಎದ್ದಿತು. 1840ರ ಕೊಚ್ಚಿಯ ಮಧ್ಯಸ್ಥರ ತೀರ್ಪಿನಂತೆ ಸೆಮಿನರಿಯೂ ವಟ್ಟಿಪ್ಪಣವೂ ಸುರಿಯಾನಿಗಳಿಗೆ ಬಂದುವು. ಮನ್ರೋ ದ್ವೀಪವು ಮಿಷನ್ನಿಗೆ ಹೋಯಿತು.

ಇಲ್ಲಿಂದ ಮುಂದೆ ವಿವಾದವು ಹೊರಗಿನವರೊಡನಲ್ಲ, ಸಭೆಯೊಳಗೇ ನಡೆಯಿತು. ಬಡ್ಡಿಯನ್ನು ಸಭೆಯ ಪರವಾಗಿ ಅದರ ನ್ಯಾಯವಾದ ಅಧ್ಯಕ್ಷರು ಸ್ವೀಕರಿಸಬೇಕು. ಅಧ್ಯಕ್ಷಪದವಿಗೆ ಇಬ್ಬರು ಹಕ್ಕುದಾರರು ನಿಂತಾಗ ರಸೀತಿಗೆ ಯಾರು ರುಜು ಹಾಕಬೇಕು? 1879ರಲ್ಲಿ ಮಾರ್ ಡಯೋನೀಷಿಯಸರು ತೋಮಸ್ ಮಾರ್ ಅಥನಾಸಿಯಸರ ಮೇಲೆ ಹೂಡಿದ ಸೆಮಿನರಿ ವ್ಯಾಜ್ಯದ ತಿರುಳು ಇದೇ. 1889ರಲ್ಲಿ ರಾಯಲ್ ಕೋರ್ಟ್ ಆಫ್ ಅಪೀಲಿನ ಮೂವರು ನ್ಯಾಯಾಧೀಶರ ಪೈಕಿ ಇಬ್ಬರು ಡಯೋನೀಷಿಯಸರ ಪರವಾಗಿ ತೀರ್ಪುಕೊಟ್ಟರು. ಸೋತ ಪಕ್ಷವು ಬೇರೆಯಾಗಿ ಮಾರ್ ತೋಮಾ ಸಭೆಯೆನಿಸಿತು.

1911ರಲ್ಲಿ ಅಂತಿಯೋಕ್ಯದ ಪಾತ್ರಿಯಾರ್ಕರು ವಟ್ಟಶ್ಶೇರಿಲ್ ಮಾರ್ ಡಯೋನೀಷಿಯಸರನ್ನು ಬಹಿಷ್ಕರಿಸಲು, ಪುನಃ ಎರಡು ಪಕ್ಷಗಳಾದುವು. ಬಡ್ಡಿಯನ್ನು ಯಾರಿಗೆ ಕೊಡಬೇಕೆಂದು ನಿರ್ಣಯಿಸುವಂತೆ ಸರ್ಕಾರವೇ 1913ರಲ್ಲಿ ತಿರುವನಂತಪುರದ ಜಿಲ್ಲಾ ನ್ಯಾಯಾಲಯಕ್ಕೆ ಹೋಯಿತು. 1919ರಲ್ಲಿ ಡಯೋನೀಷಿಯಸರಿಗೆ ಜಯ. 1923ರಲ್ಲಿ ಹೈಕೋರ್ಟಿನಲ್ಲಿ ಅಪಜಯ. ಪುನರ್ವಿಮರ್ಶೆಯಲ್ಲಿ, 1928ರಲ್ಲಿ, ಮತ್ತೆ ಜಯ.

ವರ್ಷಕ್ಕೆ 840 ರೂಪಾಯಿಗಳ ವರಮಾನಕ್ಕಾಗಿ ಹದಿನೈದು ವರ್ಷ ವ್ಯಾಜ್ಯವಾಡಿದರೆಂದು ತಿಳಿಯುವುದು ಸರಿಯಲ್ಲ. ಆ ಬಡ್ಡಿಯನ್ನು ಪಡೆದವರೇ ಸಭೆಯ ನಿಜವಾದ ಅಧಿಪತಿಗಳೆಂದು ರಾಜ್ಯವು ಒಪ್ಪಿದಂತಾಗುತ್ತಿದ್ದಿತು. ಸೇವೆಯ ಸಾಧನವಾಗಿ ಹುಟ್ಟಿದ ಧನವು ಅಧಿಕಾರದ ಮುದ್ರಿಕೆಯಾಗಿ ಪರಿಣಮಿಸಿತು. 1808ರ ಏರ್ಪಾಡು ಮೂಲಧನವನ್ನು ನಾಶದಿಂದ ಕಾಪಾಡಿತು. ಅದನ್ನು ಅನುಭವಿಸತಕ್ಕ ಸಮುದಾಯವನ್ನು ಒಡಕಿನಿಂದ ಕಾಪಾಡುವುದು ಅದರ ಶಕ್ತಿಗೆ ಮೀರಿದ್ದಿತು. ಅಕ್ಷಯವಾದುದು ನೀವಿ ಮಾತ್ರ. ಆದರೂ ಆ ಬಡ್ಡಿಯಿಂದ ಮೊದಲು ಕಟ್ಟಿದ ಸೆಮಿನರಿಯು ಕೋಟ್ಟಯದಲ್ಲಿ ಇಂದಿಗೂ ನಿಂತಿದ್ದು, ಪಾದ್ರಿಗಳಾಗತಕ್ಕವರಿಗೆ ವಿದ್ಯೆಯನ್ನು ಕಲಿಸುತ್ತಿದೆ.