ಶಾಲಾಪೂರ್ವ ಮಕ್ಕಳ ಆಟ ಹಾಗೂ ಒಡನಾಟವನ್ನು ಅಳೆಯುವ ವಿಧಾನ

ಪೀಠಿಕೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಪ್ರಾರಂಭವಾಗಿದ್ದು, ಕರ್ನಾಟಕದಲ್ಲಿ ಮೊದಲಿಗೆ ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ ಜಾರಿಗೆ ಬಂದಿತು. ಈ ಯೋಜನೆಯಡಿ 3ರಿಂದ 6 ವರ್ಷದ ಮಕ್ಕಳಿಗೆ ಅಂಗನವಾಡಿ ಕೇಂದ್ರಗಳಲ್ಲಿ ಶಾಲಾಪೂರ್ವ ಶಿಕ್ಷಣ ನೀಡಲಾಗುತ್ತದೆ. ಮಗುವಿನ ತೂಕ ಮತ್ತು ಎತ್ತರವನ್ನು ನಿಯತವಾಗಿ ದಾಖಲಿಸುವುದರಿಂದ ಅಪೌಷ್ಟಿಕತೆಯು ಬೇಗನೆ ತಿಳಿದುಬರುತ್ತದೆ. ಆದರೆ ಮಗು ಓರಗೆಯವರೊಂದಿಗೆ ಬೆರೆಯುತ್ತಿಲ್ಲವೆಂಬುದು ತಕ್ಕಡಿಯಲ್ಲಿ ಕಾಣುವುದಿಲ್ಲ. ಅದನ್ನು ಅರಿಯಲು ಮಗುವಿನ ಆಟವನ್ನೇ ಗಮನಿಸಬೇಕಾಗುತ್ತದೆ.

ಆಟದ ಆರು ಬಗೆಗಳು

ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ಅವರು 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಮಗುವನ್ನು ಒಂದೊಂದು ನಿಮಿಷದಂತೆ ಹಲವು ಬಾರಿ ಗಮನಿಸಿ, ಮಕ್ಕಳ ವರ್ತನೆಯನ್ನು ಈ ಕೆಳಕಂಡಂತೆ ವಿಂಗಡಿಸಿರುತ್ತಾರೆ.

1. ಯಾವುದರಲ್ಲಿಯೂ ತೊಡಗದೆ ಸುಮ್ಮನಿರುವುದು.
2. ಒಂಟಿಯಾಗಿ ಆಡುವುದು.
3. ಇತರರ ಆಟವನ್ನು ನೋಡುತ್ತಾ ನಿಲ್ಲುವುದು.
4. ಮತ್ತೊಂದು ಮಗುವಿನ ಪಕ್ಕದಲ್ಲಿದ್ದು ಅಂತಹುದೇ ಆಟಿಕೆಯೊಡನೆ ತನ್ನಷ್ಟಕ್ಕೆ ಆಡುವುದು.
5. ಆಟಿಕೆ ಹಂಚಿಕೊಂಡು, ಮಾತನಾಡುತ್ತಾ ಜೊತೆಯಲ್ಲಿ ಆಡುವುದು.
6. ಪಾತ್ರ ಮತ್ತು ನಿಯಮಗಳನ್ನು ಹಂಚಿಕೊಂಡು ಒಂದೇ ಗುರಿಯಿಂದ ಕೂಡಿ ಆಡುವುದು.

ವಯಸ್ಸು ಹೆಚ್ಚಿದಂತೆ ಕೊನೆಯ ಎರಡು ಬಗೆಗಳು ಹೆಚ್ಚುತ್ತವೆ. ಆದಾಗ್ಯೂ ಒಂಟಿ ಆಟವೆಲ್ಲವೂ ದೋಷವಲ್ಲ. ಏಕಾಗ್ರತೆಯಿಂದ ಗೋಪುರ ಕಟ್ಟುವ ಮಗು ಒಂಟಿಯಾಗಿದ್ದರೂ ಕಲಿಯುತ್ತಿರುತ್ತದೆ.

ಮೌನವಾಗಿರುವ ಮಗು

ಜಾನ್ ಫ್ಯಾಂಟುಝೊ ಮತ್ತು ಸಹೋದ್ಯೋಗಿಗಳು ಅಮೆರಿಕದ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗಾಗಿ ರೂಪಿಸಿ, 1995ರಲ್ಲಿ ಪ್ರಕಟಿಸಿದ ಮಾಪಕವು ಮೂರು ಅಂಶಗಳನ್ನು ಅಳೆಯುತ್ತದೆ: ಬೆರೆತು ಆಡುವುದು, ಆಟವನ್ನು ಕೆಡಿಸುವುದು ಹಾಗೂ ಆಟದಿಂದ ದೂರ ಉಳಿಯುವುದು. ಇದರಲ್ಲಿ ಶಿಕ್ಷಕರಿಗೂ ಪೋಷಕರಿಗೂ ಪ್ರತ್ಯೇಕ ಪ್ರಶ್ನಾವಳಿಗಳಿವೆ.

ಹೊಡೆಯುವ, ಕಸಿದುಕೊಳ್ಳುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂಲೆಯಲ್ಲಿ ಕುಳಿತ ಮಗು ಯಾರಿಗೂ ತೊಂದರೆ ಕೊಡದಿರುವುದರಿಂದ "ಒಳ್ಳೆಯ ಮಗು" ಎನಿಸಿಕೊಳ್ಳುತ್ತದೆ. ಆ ಮಗುವಿಗೆ ಕಿವಿ ಸರಿಯಾಗಿ ಕೇಳದಿರಬಹುದು, ಮಾತಿನ ಬೆಳವಣಿಗೆ ನಿಧಾನವಾಗಿರಬಹುದು ಅಥವಾ ಭಯವಿರಬಹುದು. ಅಳತೆಯ ಮುಖ್ಯ ಪ್ರಯೋಜನವು ಇಂತಹ ಮಗುವನ್ನು ಗುರುತಿಸುವುದೇ ಆಗಿರುತ್ತದೆ.

ಸ್ಥಳೀಯವಾಗಿ ಗಮನಿಸತಕ್ಕ ಅಂಶಗಳು

ಹೊರದೇಶದ ಮಾಪಕವನ್ನು ಯಥಾವತ್ತಾಗಿ ಬಳಸಿದಲ್ಲಿ ತಪ್ಪು ನಿರ್ಣಯಕ್ಕೆ ಅವಕಾಶವಾಗುತ್ತದೆ. ಬಾಗಲಕೋಟೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೇ ಉದಾಹರಣೆಯಾಗಿ ನೋಡಬಹುದು. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಮಕ್ಕಳಲ್ಲಿ ಒಬ್ಬರು ನೇಯುವವರಾಗಿ, ಮತ್ತೊಬ್ಬರು ಸೀರೆ ಕೊಳ್ಳುವವರಾಗಿ ಆಡಿದರೆ ಅದು ಆರನೆಯ ಬಗೆಯ ಆಟವೇ ಆಗಿದೆ. ಅದಕ್ಕೆ ಕೊಂಡುತಂದ ಆಟಿಕೆ ಬೇಕಿಲ್ಲ. ಕಬ್ಬು ಬೆಳೆಯುವ ಜಮಖಂಡಿ ಮತ್ತು ಮುಧೋಳದಲ್ಲಿ ಕಟಾವಿನ ಹಂಗಾಮಿಗೆ ಹೊರಗಿನಿಂದ ಬಂದ ಕುಟುಂಬದ ಮಗುವಿಗೆ ಕೇಂದ್ರವೂ ಜೊತೆಯವರೂ ಹೊಸಬರಾಗಿರುತ್ತಾರೆ. ಆಲಮಟ್ಟಿ ಹಿನ್ನೀರಿನಿಂದ ಮುಳುಗಡೆಯಾದ ಊರುಗಳ ಜನರು ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ್ದು, ಅಲ್ಲಿ ಯಾವ ಮನೆಯ ಮಕ್ಕಳು ಯಾರೊಡನೆ ಆಡುತ್ತಾರೆಂಬುದನ್ನೂ ನೋಡಬೇಕು. ಮನೆಮಾತು ಮರಾಠಿ ಅಥವಾ ಉರ್ದುವಾಗಿದ್ದಲ್ಲಿ, ಮಗುವಿನ ಮೌನಕ್ಕೆ ಭಾಷೆಯೇ ಕಾರಣವಾಗಿರಬಹುದು.

ಸರಳ ವೀಕ್ಷಣಾ ಕ್ರಮ

• ಸ್ವತಂತ್ರ ಆಟದ ವೇಳೆಯಲ್ಲಿ ದಿನಕ್ಕೆ ನಾಲ್ಕೈದು ಮಕ್ಕಳನ್ನು ತಲಾ ಒಂದು ನಿಮಿಷ ಗಮನಿಸುವುದು.
• ಮೇಲ್ಕಂಡ ಆರು ಬಗೆಗಳಲ್ಲಿ ಕಂಡುಬಂದುದನ್ನು ದಿನಾಂಕದೊಂದಿಗೆ ಬರೆದಿಡುವುದು.
• ಪ್ರತಿ ಮಗುವನ್ನೂ ಬೇರೆಬೇರೆ ದಿನಗಳಲ್ಲಿ ಕನಿಷ್ಠ ಹತ್ತು ಬಾರಿ ನೋಡುವುದು. ಜ್ವರ ಅಥವಾ ಹಸಿವಿದ್ದ ದಿನದ ವೀಕ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.
• ಮನೆಯಲ್ಲಿ, ಓಣಿಯಲ್ಲಿ ಮಗು ಯಾರೊಡನೆ ಆಡುತ್ತದೆ ಎಂದು ತಾಯಿ ಅಥವಾ ಅಜ್ಜಿಯನ್ನು ವಿಚಾರಿಸುವುದು.

ಮುಂದಿನ ಕ್ರಮ

ಹೆಚ್ಚಿನ ವೀಕ್ಷಣೆಗಳಲ್ಲಿ ಮಗು ಸುಮ್ಮನಿದ್ದರೆ ಅಥವಾ ನೋಡುತ್ತಲೇ ನಿಂತಿದ್ದರೆ, ಮೊದಲು ಸ್ನೇಹಪರವಾದ ಒಂದು ಮಗುವಿನೊಡನೆ ಜೊತೆಗೂಡಿಸಿ ಆಡಿಸುವುದು ಸೂಕ್ತ. ಬದಲಾವಣೆ ಕಾಣದಿದ್ದಲ್ಲಿ, 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡವು ಅಂಗನವಾಡಿಗೆ ಭೇಟಿ ನೀಡಿದಾಗ ಮಗುವಿನ ಶ್ರವಣ, ದೃಷ್ಟಿ ಮತ್ತು ಬೆಳವಣಿಗೆಯ ತಪಾಸಣೆ ಮಾಡಿಸತಕ್ಕದ್ದು.

ಎಚ್ಚರಿಕೆ

ಈ ಅಳತೆಯು ಪರೀಕ್ಷೆಯಲ್ಲ. ಇದರ ಆಧಾರದ ಮೇಲೆ ಮಕ್ಕಳಿಗೆ ಅಂಕ ನೀಡುವುದಾಗಲಿ, ಇತರರ ಮುಂದೆ ಹೋಲಿಸುವುದಾಗಲಿ, "ಮಂದ", "ಜಗಳಗಂಟ" ಎಂದು ಹೆಸರಿಡುವುದಾಗಲಿ ಸಲ್ಲದು. ಟಿಪ್ಪಣಿಯನ್ನು ಪೋಷಕರೊಂದಿಗೆ ಮಾತ್ರ ಹಂಚಿಕೊಳ್ಳಬೇಕು. ಹೆಚ್ಚಿನ ಮಾಹಿತಿಗಾಗಿ ಪೋಷಕರು ಸಮೀಪದ ಅಂಗನವಾಡಿ ಕಾರ್ಯಕರ್ತೆ ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ.